ಕೋಕೋ ಕೊಲೆ ಪತ್ತೆ ಮಾಡ್ತಾನಾ, ಇಲ್ಲಾ ಬೆಕ್ಕಾಗಿ ಇರ್ತಾನಾ ಅಷ್ಟೇನಾ?

ಓದುಗಿ_ಮಲ್ಲೇಶ್ವರ:
ಪತ್ತೇದಾರಿ ಕತೆಯಲ್ಲಿ ಸಾಕುಪ್ರಾಣಿ ಅಂದ್ರೆ ಮೊದಲು ಬರೋ ಹೆಸರು ‘ದ ಕ್ಯಾಟ್ ಹೂ’ ಸರಣಿಯ ಕೋಕೋ. ಅದರ ಹಿಂದೆನೇ ಬರೋ ಮಾತು, ‘ಓ ಆ ಬೆಕ್ಕೇ ಕೊಲೆಗಾರನ್ನ ಹಿಡಿದುಬಿಡುತ್ತಲ್ಲ ಅದಾ’ ಅಂತ. ಈ ಮಾತು ಕೇಳಿದಾಗೆಲ್ಲ ನಂಗೆ ಬೇಜಾರಾಗುತ್ತೆ. ಲಿಲಿಯನ್ ಜಾಕ್ಸನ್ ಬ್ರೌನ್ 1966ರಿಂದ 2007ರ ತನಕ 29 ಕಾದಂಬರಿ ಬರೆದ್ರು, ಅಷ್ಟರಲ್ಲೂ ಕೋಕೋ ಮನುಷ್ಯರ ಥರ ಮಾತಾಡಲ್ಲ, ‘ಇವನೇ ಕಳ್ಳ’ ಅಂತ ಯಾರ ಕಡೆಗೂ ಬೆಟ್ಟು ಮಾಡಲ್ಲ. ಮೂಸ್ತಾನೆ, ಕೆರೀತಾನೆ, ಶೆಲ್ಫ್ ಮೇಲಿಂದ ಪುಸ್ತಕ ಬೀಳಿಸ್ತಾನೆ, ಊಟ ತಡ ಆದ್ರೆ ಮನೆ ಹಾರಿಹೋಗೋ ಹಾಗೆ ಕಿರುಚ್ತಾನೆ. ಇದನ್ನೆಲ್ಲ ಯಾವ ಸಯಾಮಿ ಬೆಕ್ಕಾದ್ರೂ ಮಾಡುತ್ತೆ.

ಮೊದಲನೇ ಪುಸ್ತಕದಲ್ಲಿ ಬರೋ ಒಂದು ಜಾಗ ನೋಡಿ. ಪೇಪರ್ ಹಾಸಿರ್ತಾರೆ, ಕೋಕೋ ಹೆಡ್‌ಲೈನ್ ಮೇಲೆ ಮೂಗಿಟ್ಟು ಬಲಗಡೆಯಿಂದ ಎಡಗಡೆಗೆ ಒಂದೊಂದೇ ಅಕ್ಷರ ಮೂಸ್ಕೊಂಡು ಹೋಗ್ತಾನೆ. ಆಗ ಅವನ ಯಜಮಾನ ಮೌಂಟ್‌ಕ್ಲೆಮೆನ್ಸ್ ಅನ್ನೋ ಕಲಾ ವಿಮರ್ಶಕ, ಇವನು ಓದ್ತಾನೆ, ಹಿಂದಿನಿಂದ ಮುಂದಕ್ಕೆ ಓದ್ತಾನೆ ಅಂತ ಗಂಭೀರವಾಗಿ ಹೇಳ್ತಾನೆ. ಬಾಡಿಗೆಗೆ ಬಂದಿರೋ ಪತ್ರಕರ್ತ ಜಿಮ್ ಕ್ವಿಲ್ಲರನ್ ನಿಂತು ನೋಡ್ತಾನೆ, ನಂಬೋದಾ ಬಿಡೋದಾ ಗೊತ್ತಾಗಲ್ಲ. ಹೊಸ ಇಂಕ್ ವಾಸನೆಗೆ ಬೆಕ್ಕು ಮೂಗು ಒತ್ತಿದೆ ಅಂದ್ರೂ ಸರಿಹೋಗುತ್ತೆ, ಓದ್ತಿದೆ ಅಂದ್ರೂ ಸರಿಹೋಗುತ್ತೆ. ಆ ಎರಡೂ ಬಾಗಿಲನ್ನ ಲೇಖಕಿ ಕೊನೇ ಪುಸ್ತಕದ ತನಕ ತೆರೆದೇ ಇಡ್ತಾರೆ.

ನನ್ನ ವಾದ ಇಷ್ಟು: ಕ್ವಿಲ್ಲರನ್ ಪತ್ತೇದಾರ ಆಗಿರೋದು ಆ ಮನೆಯಿಂದ, ಆ ಮನೆಗೆ ಒಂದು ಹೊತ್ತುಗೊತ್ತು ಅಂತ ಬಂದಿರೋದು ಬೆಕ್ಕಿಂದ. ಬೆಕ್ಕಿನ ಕೆಲಸ ಅವನನ್ನ ನಿಲ್ಲಿಸಿ ನೋಡೋ ಹಾಗೆ ಮಾಡೋದು. ಒಪ್ಪದೇ ಇರೋರು ದಯವಿಟ್ಟು ಬರೀರಿ, ಕೊಲೆಗಾರ ಯಾರು ಅಂತ ಮಾತ್ರ ಯಾವ ಪುಸ್ತಕದ್ದೂ ಹೇಳಬೇಡಿ.

ಧಾರವಾಡ_ಪೇಢಾ:
ಅಲ್ರೀ ಅಕ್ಕಾರ, ಮೊದಲಿನ ಮೂರು ನಾಕು ಪುಸ್ತಕಕ್ಕ ನೀವು ಹೇಳಿದ್ದು ಖರೇ ಅದ, ಆದ್ರ ಮುಂದ ಮುಂದ ಏನಾಗ್ತದ ನೋಡ್ರಿ. ಬೆಕ್ಕು ಒಂದು ಪುಸ್ತಕ ಕೆಳಗ ಕೆಡವತದ, ಆ ಪುಸ್ತಕದ ಹೆಸರಿನ್ಯಾಗ ಕೊಲಿಗಾರನ ಸುಳಿವು ಇರತದ. ಊರಾಗ ಎಲ್ಲೋ ದೂರ ಯಾರೋ ಸತ್ತ ಹೊತ್ತಿಗೆ ಸರಿಯಾಗಿ ಇಂವ ಮನ್ಯಾಗ ಕುಂತು ಊಳಿಡತಾನ. ಇದನ್ನ ಯಾವ ಸಯಾಮಿ ಬೆಕ್ಕು ಮಾಡತದರೀ? ಪತ್ತೇದಾರಿ ಕಾದಂಬರಿ ಓದೋ ಮಂದಿಗೆ ಒಂದು ಹಕ್ಕು ಅದ, ಪತ್ತೇದಾರನಿಗೆ ಸಿಕ್ಕ ಸುಳಿವು ನಮಗೂ ಸಿಗಬೇಕು, ಅಂವ ಹೆಂಗ ಅಲ್ಲಿಗೆ ಮುಟ್ಟಿದ ಅನ್ನೋದು ನಮಗೂ ತಿಳೀಬೇಕು. ಮೀಸಿ ಜುಮ್ಮಂತು, ಬೆಕ್ಕು ಒದರ್ತು, ಆದ್ದರಿಂದ ಇಂವನೇ ಕೊಲಿಗಾರ ಅಂದ್ರ ನಾ ಹೆಂಗ ಒಪ್ಪಲಿ? ಓದಾಕ ಛಲೋ ಅನಸ್ತದ, ಅದರಾಗ ಎರಡು ಮಾತಿಲ್ಲ, ಆದ್ರ ತರ್ಕ ಅನ್ನೋದು ಅಲ್ಲಿ ಸೋರಿ ಹೋಗತದ.

ಕುಡ್ಲ_ಬೊಂಡ:
ನಾನು ಈ ಸರಣಿ ಓದಿಲ್ಲ ಮಾರಾಯ್ರೆ. ಈ ಮೀಸೆ ವಿಷಯ ಎಂಥದ್ದು? ಮತ್ತೆ ಆ ಜನ ಪೊಲೀಸಾ, ಪ್ರೈವೇಟ್ ಡಿಟೆಕ್ಟಿವಾ, ಬೆಕ್ಕು ಅವನಿಗೆ ಹೇಗೆ ಸಿಕ್ಕಿದ್ದು, ಸ್ವಲ್ಪ ಹೇಳಿದ್ರೆ ನಮಗೂ ಮಾತಾಡ್ಲಿಕ್ಕೆ ಆಗ್ತದೆ.

ಓದುಗಿ_ಮಲ್ಲೇಶ್ವರ:
@ಕುಡ್ಲ_ಬೊಂಡ ಹೇಳ್ತೀನಿ ಸರ್, ನನ್ನ ವಾದಕ್ಕೂ ಅದು ಬೇಕು. ಕ್ವಿಲ್ಲರನ್ ಪೊಲೀಸೂ ಅಲ್ಲ, ಫೀಸು ತಗೊಳ್ಳೋ ಡಿಟೆಕ್ಟಿವೂ ಅಲ್ಲ. ಒಂದು ಕಾಲದಲ್ಲಿ ಕ್ರೈಮ್ ರಿಪೋರ್ಟರ್ ಆಗಿ ಹೆಸರು ಮಾಡಿದ್ದವನು, ಆಮೇಲೆ ಮದುವೆ ಮುರಿದುಬಿತ್ತು, ಕುಡಿತ ಹತ್ಕೊಂಡ್ತು, ಕೆಲಸಗಳು ಒಂದಾದ ಮೇಲೊಂದು ಹೋದವು. ಕುಡಿತ ಬಿಟ್ಟು ವಾಪಸ್ ಎದ್ದು ‘ಡೈಲಿ ಫ್ಲಕ್ಷನ್’ ಅನ್ನೋ ಪೇಪರ್ ಸೇರ್ತಾನೆ, ಅಲ್ಲಿ ಅವನಿಗೆ ಕೊಡೋದು ಕಲೆ ವಿಭಾಗ, ಅದರ ಗಂಧಗಾಳಿ ಇವನಿಗಿಲ್ಲ. ಮೌಂಟ್‌ಕ್ಲೆಮೆನ್ಸ್ ಮನೆಯ ಕೆಳಗಿನ ಭಾಗ ಬಾಡಿಗೆಗೆ ಸಿಗುತ್ತೆ, ಆತ ಊರಲ್ಲಿ ಇಲ್ಲದಾಗ ಬೆಕ್ಕಿಗೆ ಊಟ ಹಾಕೋ ಜವಾಬ್ದಾರಿ ಇವನ ತಲೆಗೆ ಬರುತ್ತೆ. ಆ ವಿಮರ್ಶಕ ಕೊಲೆ ಆಗ್ತಾನೆ (ಇಷ್ಟು ಹೇಳದೆ ಬೆಕ್ಕು ಹೇಗೆ ಸಿಕ್ತು ಅಂತ ಹೇಳೋಕಾಗಲ್ಲ, ಕೊಂದಿದ್ದು ಯಾರು ಅಂತ ಹೇಳಲ್ಲ), ಬೆಕ್ಕು ಇವನ ಹತ್ರ ಉಳಿಯುತ್ತೆ. ಇನ್ನು ಮೀಸೆ. ಏನೋ ಸರಿ ಇಲ್ಲ ಅಂತ ಮನಸ್ಸಿಗೆ ಬಂದಾಗ ಅವನ ದಪ್ಪ ಮೀಸೆಯ ಬುಡ ಜುಮ್ಮೆನ್ನುತ್ತೆ, ಸರಣಿ ಪೂರ್ತಿ ಇದು ಬರುತ್ತೆ.

ಈಗ ಆ ಮನೆ ಹೇಗಿತ್ತು ಅಂತ ಯೋಚನೆ ಮಾಡಿ. ಒಬ್ಬನೇ ಇರೋ ಗಂಡಸು, ಹೊತ್ತಿಗೆ ಸರಿಯಾಗಿ ಮನೆಗೆ ಬರೋದಕ್ಕೆ ಏನೂ ಕಾರಣ ಇಲ್ಲದವನು. ಕೋಕೋ ಬಂದ್ಮೇಲೆ ಊಟದ ಟೈಮ್ ಅಂತ ಒಂದು ಬಂತು, ಡಬ್ಬದ ಕ್ಯಾಟ್ ಫುಡ್ ಮುಟ್ಟದೆ ಮೂತಿ ತಿರುಗಿಸೋ ಬೆಕ್ಕಿಗೆ ಒಳ್ಳೇ ಮಾಂಸ ಹುಡುಕಿ ತರೋ ಕೆಲಸ ಬಂತು, ಹಾರ್ನೆಸ್ ಹಾಕಿ ವಾಕಿಂಗ್ ಕರ್ಕೊಂಡು ಹೋಗೋದು ಬಂತು, ರಾತ್ರಿ ಗಟ್ಟಿಯಾಗಿ ಪುಸ್ತಕ ಓದಿ ಹೇಳೋದು ಬಂತು. ಆ ಡಿಕ್ಷನರಿ ಆಟ ನೆನಪಿದ್ಯಾ ಓದಿರೋರಿಗೆ? ದೊಡ್ಡ ಡಿಕ್ಷನರಿಯ ಪುಟಗಳ ಸಂದಿಗೆ ಕೋಕೋ ಉಗುರು ಹಾಕ್ತಾನೆ, ಕ್ವಿಲ್ಲರನ್ ಆ ಪುಟ ತೆಗೆದು ಮೇಲಿರೋ ಪದಗಳಿಗೆ ಅರ್ಥ ಹೇಳಬೇಕು, ಗೊತ್ತಿಲ್ಲ ಅಂದ್ರೆ ಕೋಕೋ ಗೆದ್ದ. ಹೊರಗಡೆ ನಾಲ್ಕು ಜನ ಹೇಳಿದ ಸುಳ್ಳು ಕೇಳ್ಕೊಂಡು ಬಂದವನು ಮನೆಯಲ್ಲಿ ಈ ಆಟ ಆಡ್ತಾ ಕೂತಾಗ ಒಂದು ಪದ ಸಿಕ್ಕಿ, ಬೆಳಿಗ್ಗೆ ಯಾರೋ ಆಡಿದ ಮಾತು ಟಕ್ ಅಂತ ನೆನಪಾಗುತ್ತೆ. ಆ ಪದ ಬೆಕ್ಕು ಬೇಕಂತ ಆರಿಸ್ತಾ ಅನ್ನೋದಕ್ಕಿಂತ, ಅದನ್ನ ಹಿಡಿದು ಯೋಚನೆ ಮಾಡೋಕೆ ಅವನಿಗೆ ಒಂದು ಮನೆ ಇತ್ತು ಅನ್ನೋದು ನಂಗೆ ಮುಖ್ಯ. ಪೇಢಾ ಅವರೇ, ಕೊಲೆಗಾರನ ಸುಳ್ಳು ಹಿಡಿದಿದ್ದು ಯಾವಾಗ್ಲೂ ಕ್ವಿಲ್ಲರನ್ ಕಿವಿ, ರಿಪೋರ್ಟರ್ ಕಿವಿ ಅದು. ಬೆಕ್ಕು ಅದನ್ನ ಮೇಲಕ್ಕೆ ತರುತ್ತೆ ಅಷ್ಟೇ.

ದನದ_ಡಾಕ್ಟ್ರು:
ನಾನು ವೆಟರ್ನರಿ ಕಡೆಯವನು, ಸಯಾಮಿ ಬೆಕ್ಕುಗಳನ್ನ ಟೇಬಲ್ ಮೇಲೆ ಹಿಡಿದು ಇಂಜೆಕ್ಷನ್ ಕೊಟ್ಟು ಗೊತ್ತು, ಆ ದೃಷ್ಟಿಯಿಂದ ಹೇಳ್ತೀನಿ, ಬ್ರೌನ್ ಬರೆದಿರೋದರಲ್ಲಿ ಬಹಳಷ್ಟು ನೋಡಿ ಬರೆದಿರೋದು. 1967ರಲ್ಲಿ ಬಂದ ಎರಡನೇ ಪುಸ್ತಕದಲ್ಲಿ ಕೋಕೋ ಉಣ್ಣೆ ತಿನ್ನೋಕೆ ಶುರು ಮಾಡ್ತಾನೆ, ಟೈ ಕಡೀತಾನೆ, ಡ್ಯಾನಿಶ್ ಕುರ್ಚಿಯ ಉಣ್ಣೆ ಬಟ್ಟೆ ಕಿತ್ತು ತಿಂತಾನೆ, ಪುಸ್ತಕದ ಹೆಸರೇ ಅದರ ಮೇಲೆ ಇದೆ. ಇದು ಕತೆಗೋಸ್ಕರ ಹುಟ್ಟಿಸಿದ್ದಲ್ಲ. ಉಣ್ಣೆ ಚೀಪೋದು, ಅಗಿಯೋದು ಸಯಾಮಿ ಮತ್ತೆ ಬರ್ಮೀಸ್ ಜಾತಿಯಲ್ಲಿ ಜಾಸ್ತಿ ಕಾಣೋ ಅಭ್ಯಾಸ, ತುಂಬಾ ಹೊತ್ತು ಒಂಟಿ ಬಿಟ್ರೆ, ಬೇಜಾರಾದ್ರೆ ಇನ್ನೂ ಜಾಸ್ತಿ ಆಗಬಹುದು, ಬಟ್ಟೆ ಕರುಳಲ್ಲಿ ಸಿಕ್ಕಿಹಾಕ್ಕೊಂಡ್ರೆ ಆಪರೇಶನ್ನೇ ಆಗಬೇಕು. ಕತೆಯಲ್ಲಿ ಬೆಕ್ಕಿನ ಮನೋವೈದ್ಯರು ಕೊಡೋ ಸಲಹೆನೂ ಅದೇ, ಇವನಿಗೆ ಜೊತೆ ಬೇಕು ಅಂತ. ಹಾಗೇ ಯಮ್ ಯಮ್ ಅನ್ನೋ ಹೆಣ್ಣು ಬೆಕ್ಕು ಮನೆಗೆ ಬರ್ತಾಳೆ.

ಊಟಕ್ಕೆ ಕಿರುಚೋದು ಅಂದ್ರಲ್ಲ ಮೇಡಂ, ಸಯಾಮಿ ಕೂಗು ಕೇಳದೇ ಇರೋರಿಗೆ ಅದು ಗೊತ್ತಾಗಲ್ಲ, ಪಕ್ಕದ ಮನೆಯವರು ಮಗು ಅಳ್ತಿದೆ ಅಂದ್ಕೊಳ್ಳೋ ಥರ ಇರುತ್ತೆ, ಅದೂ ಒಂದೊಂದು ಕೆಲಸಕ್ಕೆ ಒಂದೊಂದು ರಾಗ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತೆ, ಬೆಕ್ಕಿನದು 60 ದಾಟಿ ಹೋಗುತ್ತೆ, ಗೋಡೆ ಒಳಗೆ ಇಲಿ ಮರಿ ಚೀಂ ಅನ್ನೋದು ಅದಕ್ಕೆ ಕೇಳುತ್ತೆ. ಇನ್ನು ಮೂಗು. ಏನೋ ಹೊಸ ವಾಸನೆ ಬಂದ್ರೆ ಬಾಯಿ ಅರ್ಧ ತೆರೆದು ಮುಖ ಕಿವುಚಿಕೊಂಡು ಕಲ್ಲಿನ ಥರ ನಿಂತುಬಿಡುತ್ತೆ, ನೋಡಿದವರಿಗೆ ಏನೋ ದೊಡ್ಡ ವಿಷಯ ಯೋಚನೆ ಮಾಡ್ತಿದೆ ಅನ್ನಿಸುತ್ತೆ. ಅಂಗುಳಿನಲ್ಲಿ ವೊಮೆರೊನೇಸಲ್ ಅಂತ ಒಂದು ಅಂಗ ಇದೆ, ವಾಸನೆಯನ್ನ ಅಲ್ಲಿಗೆ ಎಳ್ಕೊಳ್ತಿರುತ್ತೆ ಆಗ. ಮನೆಗೆ ಬಂದ ಅಪರಿಚಿತನ ಶೂ, ಬ್ಯಾಗು, ಕೋಟು ಇದನ್ನೆಲ್ಲ ಬೆಕ್ಕು ಹೀಗೆ ಪರೀಕ್ಷೆ ಮಾಡೋದನ್ನ ಯಾರಾದ್ರೂ ಗಮನ ಇಟ್ಟು ನೋಡಿದ್ರೆ, ಆ ಶೂ ಎಲ್ಲೆಲ್ಲಿ ಓಡಾಡಿ ಬಂದಿರಬಹುದು ಅಂತ ಕೇಳ್ಕೊಳ್ಳೋದು ಸಹಜ.

ಆದ್ರೆ ಎಲ್ಲೋ ದೂರದಲ್ಲಿ ಸಾವಾದ್ರೆ ಇಲ್ಲಿ ಊಳಿಡೋದು, ಅದಕ್ಕೆ ನನ್ನ ಹತ್ರ ವಿವರಣೆ ಇಲ್ಲ, ಪೇಢಾ ಅವರ ಆಕ್ಷೇಪ ಅಲ್ಲಿ ನ್ಯಾಯ. ಕೋಕೋಗೆ ಮೀಸೆ ಕೂದಲು 60 ಅಂತ ಕೊನೇ ಪುಸ್ತಕದ ಹೆಸರಲ್ಲೇ ಬರುತ್ತೆ, ನಿಜವಾದ ಬೆಕ್ಕಿಗೆ ಮೂತಿಯ ಒಂದೊಂದು ಕಡೆ 12ರ ಆಸುಪಾಸು ಇರುತ್ತೆ, ಹುಬ್ಬು ಕೆನ್ನೆ ಎಲ್ಲ ಸೇರಿಸಿದ್ರೂ 60 ಆಗೋದು ಕಷ್ಟ. ಅಲ್ಲಿ ಲೇಖಕಿ ಪ್ರಾಣಿಯನ್ನ ಬಿಟ್ಟು ಮಾಯೆ ಕಡೆ ವಾಲಿದ್ರು ಅನ್ನಿಸುತ್ತೆ.

ಹಳೇಪುಸ್ತಕ:
ತರ್ಕದ ಮಾತು ಬಂತಲ್ಲ, ಹೋಮ್ಸ್ ಹತ್ರ ಹೋಗೋಣ. 1890ರ ‘ದ ಸೈನ್ ಆಫ್ ಫೋರ್’ನಲ್ಲಿ ಟೋಬಿ ಅನ್ನೋ ನಾಯಿ ಬರುತ್ತೆ, ಅರ್ಧ ಸ್ಪಾನಿಯಲ್ ಅರ್ಧ ಲರ್ಚರ್, ಹೋಮ್ಸ್ ಮನೆಯದ್ದಲ್ಲ, ಎರವಲು ತಂದಿದ್ದು. ಕ್ರಿಯೋಸೋಟ್ (ಮರಕ್ಕೆ ಬಳಿಯೋ ಘಾಟು ಎಣ್ಣೆ) ಮೆಟ್ಟಿದ ಕಾಲಿನ ಜಾಡು ಹಿಡಿದು ಲಂಡನ್ ಬೀದಿಗಳಲ್ಲಿ ಓಡುತ್ತೆ, ಓಡಿ ಓಡಿ ಹೋಗಿ ನಿಲ್ಲೋದು ಒಂದು ಕ್ರಿಯೋಸೋಟ್ ಪೀಪಾಯಿ ಮುಂದೆ! ನಾಯಿ ತನ್ನ ಕೆಲಸ ಸರಿಯಾಗೇ ಮಾಡಿತ್ತು, ವಾಸನೆ ತೋರಿಸು ಅಂದ್ರು ತೋರಿಸ್ತು. ಎರಡು ಜಾಡು ಎಲ್ಲಿ ಕೂಡಿದ್ವು ಅಂತ ಯೋಚನೆ ಮಾಡಿ ವಾಪಸ್ ಹೋಗಬೇಕಾಗಿದ್ದು ಮನುಷ್ಯ.

ಇದಕ್ಕಿಂತ ದೊಡ್ಡ ಉದಾಹರಣೆ 1892ರ ‘ಸಿಲ್ವರ್ ಬ್ಲೇಜ್’. ರಾತ್ರಿ ಲಾಯದಿಂದ ಕುದುರೆ ಹೊರಗೆ ಹೋಗುತ್ತೆ, ಅಲ್ಲಿದ್ದ ನಾಯಿ ಬೊಗಳಲ್ಲ. ಅಷ್ಟೇ. ಗೊತ್ತಿರೋರು ಬಂದ್ರೆ ನಾಯಿ ಬೊಗಳಲ್ಲ, ಈ ಸಂಗತಿ ನಮ್ಮ ಹಳ್ಳಿ ಕಡೆ ಚಿಕ್ಕ ಮಗುಗೂ ಗೊತ್ತು. ನಾಯಿ ಏನೂ ‘ಸುಳಿವು’ ಕೊಡಲಿಲ್ಲ, ನಾಯಿಯಾಗಿ ಇತ್ತು, ಹೋಮ್ಸ್ ಅದನ್ನ ಓದಿದ. ಓದುಗಿ ಮೇಡಂ ಹೇಳ್ತಿರೋದು ಈ ಸಾಲಿಗೆ ಸೇರುತ್ತೆ ಅಂತ ನನ್ನ ಅಭಿಪ್ರಾಯ. ವ್ಯತ್ಯಾಸ ಇಷ್ಟೇ, ಹೋಮ್ಸ್‌ಗೆ ಆ ನಾಯಿ ಯಾರದೋ ಮನೆಯದ್ದು, ಒಂದು ಕೇಸಿಗೆ ಮುಗೀತು. ಕ್ವಿಲ್ಲರನ್ ದಿನಾ ಅದೇ ಬೆಕ್ಕಿನ ಜೊತೆ ಬದುಕ್ತಾನೆ, ಆದ್ದರಿಂದ ಅದರ ಮಾಮೂಲಿ ಯಾವುದು, ಮಾಮೂಲಿ ಅಲ್ಲದ್ದು ಯಾವುದು ಅಂತ ಅವನಿಗೆ ಗೊತ್ತು. ಕೋಕೋ ಒಂದು ದಿನ ಊಟ ಬಿಟ್ರೆ ಅದು ಸುದ್ದಿ, ಬೇರೆಯವರ ಮನೆ ಬೆಕ್ಕು ಊಟ ಬಿಟ್ರೆ ಇವನಿಗೆ ಅದು ಸುದ್ದಿನೇ ಅಲ್ಲ. ಪೊಲೀಸರಿಗೆ ಸಿಗದೇ ಇರೋದು ಹವ್ಯಾಸಿಗೆ ಸಿಗೋದು ಇಂಥ ಕಡೆ.

ನಮ್ಮಲ್ಲಿ ತೇಜಸ್ವಿಯವರ ಪುಸ್ತಕಗಳಲ್ಲಿ ಬರೋ ‘ಕಿವಿ’ ಅನ್ನೋ ನಾಯಿ ಇದೆ, ಅದು ಕೊಲೆ ಹುಡುಕೋ ನಾಯಿ ಅಲ್ಲ ಸರಿ, ಆದ್ರೂ ನಾಯಿ ಏನು ಮಾಡ್ತು ಅಂತ ಗಮನಿಸೋದನ್ನ ನಾನು ಕಲಿತಿದ್ದು ಆ ಪುಸ್ತಕಗಳಿಂದ.

ಧಾರವಾಡ_ಪೇಢಾ:
ಬೊಗಳದ ನಾಯಿ ಉದಾಹರಣಿಗೆ ಕೈ ಮುಗೀತೀನ್ರಿ, ಅದು ಚೊಕ್ಕ. ಆದ್ರ ಅದನ್ನ ಓದಿದ ಮ್ಯಾಲೆ ನನ್ನ ಮಾತು ಇನ್ನೂ ಗಟ್ಟಿ ಆತು ನೋಡ್ರಿ. ಬೊಗಳಲಿಲ್ಲ ಅನ್ನೋದರಿಂದ ಗುರ್ತಿನವ ಬಂದಿದ್ದ ಅನ್ನೋತನಕ ಒಂದು ದಾರಿ ಅದ, ನಾನೂ ನಡದು ಹೋಗಬಹುದು. ಪುಸ್ತಕ ಬಿತ್ತು ಅನ್ನೋದರಿಂದ ಕೊಲಿಗಾರನ ತನಕ ದಾರಿ ಇಲ್ಲ, ಹಾರಬೇಕು. ಉಣ್ಣಿ ತಿನ್ನೋದು, ವಾಸನಿ ಹಿಡಿಯೋದು, ಊಟ ಬಿಡೋದು, ಇವು ಸುಳಿವು ಅಂತ ನಾ ಒಪ್ಪತೀನಿ. ಪುಸ್ತಕ ಕೆಡವೋದನ್ನ ಒಪ್ಪಂಗಿಲ್ಲ.

ಓದುಗಿ_ಮಲ್ಲೇಶ್ವರ:
ಆ ಗೆರೆ ನೀವು ಎಳೆದಿರೋ ಜಾಗ ನಂಗೂ ಸರಿ ಅನ್ಸುತ್ತೆ ಪೇಢಾ ಅವರೇ. ಒಂದೇ ಒಂದು ಸೇರಿಸ್ತೀನಿ, ಪುಸ್ತಕ ಬಿದ್ದಾಗ ಕ್ವಿಲ್ಲರನ್ ಅದನ್ನ ಪೊಲೀಸರ ಹತ್ರ ತಗೊಂಡು ಹೋಗಲ್ಲ. ಬೆಕ್ಕಿನ ವಿಷಯ ಹೊರಗೆ ಗೊತ್ತಾಗಬಾರದು ಅಂತ ಜಾಗ್ರತೆ ಮಾಡ್ತಾನೆ, ತೀರ ಹತ್ತಿರದವರಿಗೆ ಮಾತ್ರ ಹೇಳ್ತಾನೆ. ಸಾಕ್ಷಿ ಆಗಲ್ಲ ಅಂತ ಅವನಿಗೂ ಗೊತ್ತು.

ಉತ್ತರದ_ಚಳಿ:
ಸಾಕ್ಷಿ ಅಂದ್ರಲ್ಲ, ಬೆಕ್ಕು ನಿಜವಾಗ್ಲೂ ಕೋರ್ಟಲ್ಲಿ ಸಾಕ್ಷಿ ಆಗಿರೋ ಕೇಸ್ ಒಂದಿದೆ, ನಾನು ಕೆನಡಾದಲ್ಲಿ ಇರೋದ್ರಿಂದ ಇದರ ಬಗ್ಗೆ ಓದಿದೀನಿ. 1994, ಪ್ರಿನ್ಸ್ ಎಡ್ವರ್ಡ್ ಐಲೆಂಡ್. ಒಬ್ಬ ಹೆಂಗಸು ಕಾಣೆ ಆಗ್ತಾರೆ, ಹುಡುಕುವಾಗ ಒಂದು ಲೆದರ್ ಜಾಕೆಟ್ ಸಿಗುತ್ತೆ, ಅದರ ಮೇಲೆ ಆಕೆಯ ರಕ್ತ, ಒಳಗಡೆ ಬಿಳೀ ಕೂದಲು. ಲ್ಯಾಬ್‌ಗೆ ಕಳಿಸಿದ್ರೆ ಮನುಷ್ಯರದ್ದಲ್ಲ ಬೆಕ್ಕಿಂದು ಅಂತ ಬರುತ್ತೆ. ತನಿಖೆ ಮಾಡ್ತಿದ್ದ ಪೊಲೀಸ್‌ಗೆ ನೆನಪಾಗುತ್ತೆ, ಅನುಮಾನ ಇದ್ದ ಗಂಡಸು ತನ್ನ ಅಪ್ಪ ಅಮ್ಮನ ಮನೆಯಲ್ಲಿ ಇದಾನೆ, ಆ ಮನೆಯಲ್ಲಿ ಸ್ನೋಬಾಲ್ ಅನ್ನೋ ಬಿಳೀ ಬೆಕ್ಕಿದೆ. ಅದರ ರಕ್ತ ತಗೊಂಡು ಅಮೆರಿಕದ ಮೇರಿಲ್ಯಾಂಡ್‌ನಲ್ಲಿರೋ ಒಂದು ಲ್ಯಾಬ್‌ಗೆ ಕಳಿಸ್ತಾರೆ. ಅಲ್ಲಿನ ವಿಜ್ಞಾನಿಗಳು ಬೆಕ್ಕಿನ ವಂಶವಾಹಿ ಮೇಲೆ ಕೆಲಸ ಮಾಡ್ತಿದ್ದಿದ್ದು ರೋಗಗಳ ಸಂಶೋಧನೆಗೆ, ಕೊಲೆ ಕೇಸಿಗಲ್ಲ. ಒಂದು ಕೂದಲಿನ ಬುಡದಿಂದ ಡಿಎನ್ಎ ತೆಗೆದು ಹೋಲಿಸಿ ನೋಡಿದ್ರು, ಹೊಂದಿಕೆ ಆಯ್ತು.

ನಂಗೆ ತುಂಬ ಇಷ್ಟ ಆಗಿದ್ದು ಅದರ ಮುಂದಿನ ಹೆಜ್ಜೆ. ಚಿಕ್ಕ ದ್ವೀಪ, ಬೆಕ್ಕುಗಳೆಲ್ಲ ಒಂದೇ ವಂಶದವು ಆಗಿದ್ರೆ ಯಾವ ಬೆಕ್ಕಿನ ಕೂದಲಾದ್ರೂ ಹೊಂದಿಕೆ ಆಗಬಹುದಲ್ಲ? ಅದಕ್ಕೇ ದ್ವೀಪದ ಬೇರೆ ಬೆಕ್ಕುಗಳದ್ದೂ ರಕ್ತ ತರಿಸಿ ನೋಡಿದ್ರು, ಒಂದಕ್ಕೊಂದು ಸಾಕಷ್ಟು ಬೇರೆ ಇವೆ ಅಂತ ಗೊತ್ತಾದ್ಮೇಲೆನೇ ಆ ಸಾಕ್ಷಿಗೆ ಬಲ ಬಂದಿದ್ದು. 1996ರಲ್ಲಿ ಶಿಕ್ಷೆ ಆಯ್ತು, 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರಹ ಬಂತು. ಮನೆಯಲ್ಲಿ ಬೆಕ್ಕು ಸಾಕಿರೋರಿಗೆ ಗೊತ್ತು, ಎಷ್ಟೇ ಬ್ರಶ್ ಹಾಕಿ ಉಜ್ಜಿದ್ರೂ ಕಪ್ಪು ಪ್ಯಾಂಟಿನ ಮೇಲೆ ಒಂದು ಕೂದಲು ಉಳಿದೇ ಉಳಿಯುತ್ತೆ. ಆ ಬೆಕ್ಕಿಗೆ ಏನೂ ಗೊತ್ತಿರಲಿಲ್ಲ, ಅದು ಜಾಕೆಟ್ ಮೇಲೆ ಮಲಗಿ ಎದ್ದಿತ್ತು ಅಷ್ಟೇ.

ದನದ_ಡಾಕ್ಟ್ರು:
ಬುಡ ಇರೋ ಕೂದಲು ಸಿಕ್ಕಿದ್ದು ಅದೃಷ್ಟ. ತಾನಾಗೇ ಉದುರಿದ ಕೂದಲಲ್ಲಿ ಆ ಥರದ ಡಿಎನ್ಎ ಸಿಗೋದು ಕಷ್ಟ.

ಶಿರಸಿ_ಸೊಸೆ:
ಎಲ್ಲರೂ ಕೋಕೋ ಕೋಕೋ ಹೇಳ್ತಾ ಇದ್ದೀರಿ, ಯಮ್ ಯಮ್ ಬಗ್ಗೆ ಒಂದು ಸಾಲಲ್ಲಿ ಮುಗಿಸಿದ್ರಲ್ಲ, ಅದಕ್ಕೆ ಬರೆಯೋಣ ಅನ್ನಿಸ್ತು. ಅವಳು ಏನು ಮಾಡ್ತಾಳೆ ಹೇಳಿದ್ರೆ, ಕದೀತಾಳೆ. ಮಿಣಿಮಿಣಿ ಅನ್ನೋ ಸಣ್ಣ ಸಾಮಾನು, ಪೆನ್ನು, ಟೂತ್‌ಬ್ರಶ್ಶು, ಎಲ್ಲ ಪಂಜದಲ್ಲಿ ಎಳ್ಕೊಂಡು ಹೋಗಿ ಸೋಫಾದ ಅಡಿಗೆ, ಚಾಪೆ ಅಡಿಗೆ ಸೇರಿಸ್ತಾಳೆ, ಡ್ರಾಯರ್ ಕೂಡ ತೆಗೀತಾಳೆ. ಎಲ್ಲರಿಗೂ ಕೋಕೋ ಬುದ್ಧಿವಂತ, ಇವಳು ಮುದ್ದಿಗೆ ಇರೋಳು. ಆದ್ರೆ ಕೆಲವು ಸಲ ಮನೆಗೆ ಬಂದವರ ಸಾಮಾನು ಇವಳ ಗುಡ್ಡೆಯಲ್ಲಿ ಸಿಕ್ಕಿದ ಮೇಲೇ ಕ್ವಿಲ್ಲರನ್‌ಗೆ ಅದರ ಕಡೆ ಲಕ್ಷ್ಯ ಹೋಗೋದು. ಮತ್ತೆ ಅವನ ತೊಡೆ ಮೇಲೆ ಬಂದು ಕೂರೋದು ಇವಳೇ. ಕೋಕೋ ಅವನನ್ನ ಎಬ್ಬಿಸಿ ಓಡಾಡಿಸ್ತಾನೆ, ಇವಳು ಕೂರಿಸ್ತಾಳೆ, ಎರಡೂ ಇಲ್ಲದೆ ಆ ಮನುಷ್ಯನಿಗೆ ಯೋಚನೆ ಸಾಗೂದಿಲ್ಲ ಅಂತ ನನಗೆ ಪ್ರತಿ ಸಲ ಓದುವಾಗಲೂ ಅನ್ನಿಸ್ತದೆ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ಬ್ರೌನ್ ಅವರಿಗೆ ನಿಜವಾಗಿ ಕೋಕೋ ಅನ್ನೋ ಸಯಾಮಿ ಬೆಕ್ಕು ಇತ್ತು, ಹತ್ತನೇ ಮಹಡಿಯಿಂದ ಬಿದ್ದು ಸತ್ತಿತು. ಯಾರೋ ದೂಡಿದ್ದು ಹೇಳಿ ಅವರಿಗೆ ಅನುಮಾನ. ಆ ಸಂಕಟದಲ್ಲಿ ಒಂದು ಸಣ್ಣ ಕತೆ ಬರೆದ್ರು, ‘ದ ಸಿನ್ ಆಫ್ ಮೇಡಮ್ ಫ್ಲೋಯ್’, 1962ರಲ್ಲಿ ಎಲರಿ ಕ್ವೀನ್ ಅನ್ನೋ ಪತ್ತೇದಾರಿ ಕತೆಗಳ ಪತ್ರಿಕೆಯಲ್ಲಿ ಬಂತು. ಅದರಲ್ಲಿ ತಾಯಿ ಬೆಕ್ಕಿನ ಮರಿಯನ್ನ ಕಿಟಕಿಯಿಂದ ದೂಡ್ತಾರೆ, ಮುಂದೆ ಏನು ಆಗ್ತದೆ ಹೇಳೋದಿಲ್ಲ ನಾನು. ಸರಣಿ ಶುರು ಆಗಿದ್ದೇ ಈ ದುಃಖದಿಂದ. ಆ ಮನೆಯಲ್ಲಿ ಬೆಕ್ಕುಗಳಿಗೆ ಯಾಕೆ ಅಷ್ಟು ಜೋಪಾನ, ಕೊಲೆಗಾರ ಬೆಕ್ಕಿನ ಮೇಲೆ ಕೈ ಮಾಡಿದಾಗ ಕ್ವಿಲ್ಲರನ್‌ಗೆ ಯಾಕೆ ಅಷ್ಟು ಸಿಟ್ಟು, ಇದು ಗೊತ್ತಾದ ಮೇಲೆ ನನಗೆ ಬೇರೆ ಥರ ಕಾಣ್ತು.

ಓದುಗಿ_ಮಲ್ಲೇಶ್ವರ:
ಅಕ್ಕಾ, ಈ ಕೊನೇ ಪ್ಯಾರಾಗೆ ತುಂಬಾ ಥ್ಯಾಂಕ್ಸ್. ಯಮ್ ಯಮ್ ಬಗ್ಗೆ ನೀವು ಹೇಳಿದ್ದು ನನ್ನ ಮನೆ ಅನ್ನೋ ವಾದವನ್ನ ಪೂರ್ತಿ ಮಾಡ್ತು.

ಕುಡ್ಲ_ಬೊಂಡ:
ಇಷ್ಟು ಓದಿದ ಮೇಲೆ ಶುರು ಮಾಡದೆ ಇರ್ಲಿಕ್ಕೆ ಆಗುವುದಿಲ್ಲ. 29ರಲ್ಲಿ ಎಲ್ಲಿಂದ ಹಿಡಿಯುವುದು? ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಆಪಲ್ ಗೋದಾಮಿನ ಮನೆ ಇರುವ ಒಂದು ಪುಸ್ತಕ ಕಾಣ್ತು, ಅದು ತಗೊಳ್ಳಬಹುದಾ?

ಹಳೇಪುಸ್ತಕ:
ಅದು ಈಗ್ಲೇ ಬೇಡ ಸರ್, ಆ ಆಪಲ್ ಬಾರ್ನ್ ಬರೋದು 1991ರ ಹೊತ್ತಿಗೆ, ಅಷ್ಟರಲ್ಲಿ ಅವನಿಗೆ ಆಸ್ತಿ ಬಂದು, ನಗರ ಬಿಟ್ಟು, ಎಲ್ಲಾ ಊರುಗಳಿಂದಲೂ 400 ಮೈಲಿ ಉತ್ತರಕ್ಕೆ ಅಂತ ಹೇಳೋ ಮೂಸ್ ಕೌಂಟಿಗೆ ಹೋಗಿರ್ತಾನೆ. 1966, 1967, 1968ರ ಮೂರು ಮೊದಲು ಓದಿ, ಅವು ನಗರದಲ್ಲಿ ನಡೆಯೋವು, ಪತ್ತೇದಾರಿ ಕೆಲಸ ಬಿಗಿಯಾಗಿದೆ. ಆಮೇಲೆ 18 ವರ್ಷ ಸರಣಿಯೇ ನಿಂತುಹೋಗಿತ್ತು, 1986ರಲ್ಲಿ ‘ದ ಕ್ಯಾಟ್ ಹೂ ಸಾ ರೆಡ್’ ಬಂತು, ಅದು ಪತ್ತೇದಾರಿ ಬರಹಕ್ಕೆ ಕೊಡೋ ಎಡ್ಗರ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಯ್ತು. ಈ ನಾಲ್ಕು ಮುಗಿಸಿ ಆ ಬಾರ್ನ್ ಪುಸ್ತಕ ತಗೊಳ್ಳಿ, ಅಷ್ಟರೊಳಗೆ ಅಂಗಡಿಯಲ್ಲಿ ಹೋಗಿಬಿಡುತ್ತೆ ಅನ್ನೋ ಭಯ ಇದ್ರೆ ಈಗ್ಲೇ ತಂದಿಟ್ಕೊಳ್ಳಿ.

ಧಾರವಾಡ_ಪೇಢಾ:
ಮತ್ತ ಮೊದಲನೇದು ಓದುವಾಗ ಒಂದು ಕೆಲಸ ಮಾಡ್ರಿ ಬೊಂಡ ಅವರ. ಕೋಕೋ ಏನರ ಮಾಡಿದ ಕೂಡ್ಲೇ ಪುಟ ನಿಲ್ಲಿಸಿ, ಬೆಕ್ಕು ಇದನ್ನ ಸುಮ್ಮನ ಯಾಕ ಮಾಡಿರಬಹುದು ಅಂತ ಒಂದು ಸರ್ತಿ ಯೋಚನಿ ಮಾಡಿ ಮುಂದ ಹೋಗ್ರಿ. ಮುಗದ ಮ್ಯಾಲೆ ಇಲ್ಲೇ ಬಂದು ಹೇಳ್ರಿ, ನೀವು ನನ್ನ ಕಡೀಯೋ ಅಕ್ಕಾರ ಕಡೀಯೋ ಅಂತ.